ಕೌಂಟರಿನ ಈ ಕಡೆಯಿಂದ: ಒಂಟಾರಿಯೊದ ಕ್ಯಾಥೋಲಿಕ್ ಬೋರ್ಡ್ ಬಗ್ಗೆ ನೀವು ಕೇಳಿದ್ದು

ಕೆನಡಾದ ಮಿಸ್ಸಿಸ್ಸಾಗಾದಲ್ಲಿ ಒಂದು ಕ್ಯಾಥೋಲಿಕ್ ಪ್ರೈಮರಿ ಶಾಲೆ. ಅದರ ಆಫೀಸಿನಲ್ಲಿ ನಾನು 23 ವರ್ಷ ಸೆಕ್ರೆಟರಿ ಆಗಿದ್ದೆ. ಸೆಕ್ರೆಟರಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಅಡ್ಮಿಷನ್ ಫಾರಂ ತೆಗೆದುಕೊಳ್ಳುವುದು, ತಡವಾಗಿ ಬಂದ ಮಗುವಿಗೆ ಚೀಟಿ ಕೊಡುವುದು, ಮೊಣಕಾಲು ತರಚಿದರೆ ಐಸ್ ಹಿಡಿಯುವುದು, ಹಲ್ಲು ಬಿದ್ದರೆ ಪುಟ್ಟ ಕವರಿಗೆ ಹಾಕಿ ಮನೆಗೆ ಕಳಿಸುವುದು. ಕಳೆದ ಸಂಚಿಕೆಯಲ್ಲಿ ಇದನ್ನು ಬರೆದದ್ದೇ ತಪ್ಪಾಯಿತು ನೋಡಿ, ಪ್ರಶ್ನೆಗಳ ರಾಶಿಯೇ ಬಂದಿದೆ. ಒಂದೇ ತರಹದ್ದನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಮಗಳು, ಅಳಿಯ ಬ್ರಾಂಪ್ಟನ್ನಿನಲ್ಲಿದ್ದಾರೆ. ಮೊಮ್ಮಗನಿಗೆ ಬರುವ ವರ್ಷ ಶಾಲೆ. ಮನೆ ಹಿಂದೆಯೇ ಕ್ಯಾಥೋಲಿಕ್ ಶಾಲೆ ಇದೆಯಂತೆ. ಡೊನೇಷನ್ ಎಷ್ಟು? ಯಾರದಾದರೂ ಶಿಫಾರಸು ಬೇಕಾ?
– ಓದುಗರೊಬ್ಬರು, ಶಿವಮೊಗ್ಗ

ಡೊನೇಷನ್ ಸೊನ್ನೆ, ಫೀಸೂ ಸೊನ್ನೆ. ಶಿಫಾರಸು ನಡೆಯುವುದಿಲ್ಲ. ಆದರೆ ಒಂದು ಕಾಗದ ಬೇಕು. ಅದು ನಿಮ್ಮ ಹತ್ತಿರ ಇರಲಿಕ್ಕಿಲ್ಲ.

ನಮ್ಮೂರಲ್ಲಿ ಕಾನ್ವೆಂಟ್ ಅಂದರೆ ಇಂಗ್ಲಿಷ್, ಟೈ, ಫೀಸು. ಆ ಚಿತ್ರವನ್ನು ತಲೆಯಿಂದ ತೆಗೆದುಬಿಡಿ. ಒಂಟಾರಿಯೊದಲ್ಲಿ ಕ್ಯಾಥೋಲಿಕ್ ಶಾಲೆಯೂ ಸರಕಾರದ ದುಡ್ಡಿನಲ್ಲೇ ನಡೆಯುವ ಶಾಲೆ. ಆ ಪ್ರಾಂತ್ಯದಲ್ಲಿ ಒಟ್ಟು 72 ಶಾಲಾ ಬೋರ್ಡುಗಳಿವೆ. ಇಂಗ್ಲಿಷಿನ ಸಾಮಾನ್ಯ ಬೋರ್ಡು 31, ಇಂಗ್ಲಿಷಿನ ಕ್ಯಾಥೋಲಿಕ್ ಬೋರ್ಡು 29, ಫ್ರೆಂಚಿನ ಸಾಮಾನ್ಯ 4, ಫ್ರೆಂಚಿನ ಕ್ಯಾಥೋಲಿಕ್ 8. ಸಿಲೆಬಸ್ ಶಿಕ್ಷಣ ಇಲಾಖೆಯದ್ದೇ. ಕ್ಯಾಥೋಲಿಕ್ ಶಾಲೆಯಲ್ಲಿ ಅದರ ಮೇಲೆ ಧರ್ಮದ ಪಾಠ, ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ. ಬ್ರಾಂಪ್ಟನ್, ಮಿಸ್ಸಿಸ್ಸಾಗಾ, ಕ್ಯಾಲೆಡನ್, ಆರೆಂಜ್‌ವಿಲ್ ಇವೆಲ್ಲ ಡಫರಿನ್-ಪೀಲ್ ಎಂಬ ಕ್ಯಾಥೋಲಿಕ್ ಬೋರ್ಡಿಗೆ ಸೇರುತ್ತವೆ.

ಬೇಕಾದ ಕಾಗದ ಯಾವುದೆಂದರೆ ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ಸರ್ಟಿಫಿಕೇಟ್. ಪ್ರೈಮರಿಗೆ ಸಾಮಾನ್ಯವಾಗಿ ಮಗುವಿನದ್ದೋ ಅಪ್ಪ-ಅಮ್ಮನಲ್ಲಿ ಒಬ್ಬರದ್ದೋ ಕೇಳುತ್ತಾರೆ. ಹಾಗಾಗಿ ನಿಮ್ಮ ಮೊಮ್ಮಗನಿಗೆ ಪೀಲ್‌ನ ಸಾಮಾನ್ಯ ಬೋರ್ಡಿನ ಶಾಲೆ. ಅದೂ ಉಚಿತ, ಅದೂ ಒಳ್ಳೆಯದೇ. ಮಗುವಿಗೆ 4 ವರ್ಷ ತುಂಬುವ ವರ್ಷದ ಸೆಪ್ಟೆಂಬರಿನಲ್ಲೇ ಸೇರಿಸಬಹುದು ಅಂತ ಮಗಳಿಗೆ ಹೇಳಿ. ನಮ್ಮವರು ಎಷ್ಟೋ ಜನ ಇದು ಗೊತ್ತಿಲ್ಲದೆ ಒಂದು ವರ್ಷ ಸುಮ್ನೆ ಡೇ-ಕೇರಿಗೆ ದುಡ್ಡು ಸುರಿಯುತ್ತಾರೆ.

ಆ ಸರ್ಟಿಫಿಕೇಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಚಳಿಗಾಲದಲ್ಲಿ ಅಡ್ಮಿಷನ್ ಶುರು. ಬೂಟಿನ ಹಿಮ ಕರಗಿ ಕೌಂಟರಿನ ಮುಂದೆ ಕೊಚ್ಚೆ. ಅಪ್ಪ ಕೋಟಿನ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆಯುತ್ತಾನೆ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಎಂಟು ಮಡಿಕೆ ಹಾಕಿದ ಕಾಗದ. ಮಡಿಕೆಯಲ್ಲಿ ಅಕ್ಷರ ಅಳಿಸಿರುತ್ತದೆ. ಊರಿನ ಇಗರ್ಜಿಯ ನೇರಳೆ ಮೊಹರು ಮಾತ್ರ ಗಟ್ಟಿ. ಪೋಲೆಂಡ್, ಫಿಲಿಪ್ಪೀನ್ಸ್, ಕೇರಳ, ಇರಾಕ್ ಎಲ್ಲಿಂದ ಬಂದರೂ ಮಡಿಕೆ ಹಾಕುವ ರೀತಿ ಒಂದೇ. ಕಾಗದ ಬಿಚ್ಚುವಾಗ ಹರಿಯದ ಹಾಗೆ ಬಿಚ್ಚುವುದನ್ನು ನಾನು ಕಲಿತದ್ದು ಅಲ್ಲಿ.

ನನ್ನ ಮಗಳನ್ನು ಸೇರಿಸಲು ಹೋದಾಗ ನಾನು ಕೌಂಟರಿನ ಆಚೆ ಇದ್ದೆ. ಬಂಟ್ವಾಳದ ಕಡೆಯ ಸರ್ಟಿಫಿಕೇಟ್ ಕೊಟ್ಟೆ. ಆಫೀಸಿನಾಕೆ 'ಡಿಸೋಜ' ಅನ್ನುವ ಪೋರ್ಚುಗೀಸ್ ಮೂಲದ ಹೆಸರನ್ನು ಓದಿದಳು, ನಕ್ಕಳು, ಒಂದು ನಿಮಿಷ ಅಂತ ಒಳಗೆ ಹೋದಳು. ಬರುವಾಗ ಜೊತೆಗೆ ಒಬ್ಬ ಟೀಚರ್. ಆಕೆ ನನ್ನ ಕೈ ಹಿಡಿದು ಗಳಗಳ ಅಂತ ಪೋರ್ಚುಗೀಸಿನಲ್ಲಿ ಮಾತಾಡಿದರು! ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ಇಂಗ್ಲಿಷಿನಲ್ಲಿ 'ಇಂಡಿಯಾ' ಅಂದೆ. ಇಬ್ಬರ ಮುಖವೂ ಬಾಡಿತು. ಆಮೇಲೆ, 'ನೀವು ಕ್ಯಾಥೋಲಿಕ್ ಆದದ್ದು ಇಲ್ಲಿಗೆ ಬಂದ ಮೇಲೆಯಾ?' ಅಂತ ಪ್ರಶ್ನೆ. ನನ್ನ ಅಜ್ಜಿಯ ಅಜ್ಜಿಯೂ ತೇರ್ಸ (ಜಪಮಾಲೆಯ ಪ್ರಾರ್ಥನೆ) ಹೇಳುತ್ತಿದ್ದವಳು ಮಾರಾಯ್ರೆ. ಫಾರಂ ತೆಗೆದುಕೊಂಡರು, ಆದರೆ ಊರಿನಿಂದ ಹೊಸ ಪ್ರತಿ ತರಿಸಿ ಅಂದರು. ಅದು ಬರಲು ಏಳು ವಾರ ಹಿಡಿಯಿತು. ಕೌಂಟರಿನ ಈ ಕಡೆಗೆ ಬಂದಮೇಲೆ ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ.

ಸರಕಾರ ಒಂದೇ ಒಂದು ಧರ್ಮದ ಶಾಲೆಗೆ ದುಡ್ಡು ಕೊಡುವುದು ಹೇಗೆ? ಕೆನಡಾ ಸೆಕ್ಯುಲರ್ ದೇಶ ಅಲ್ವಾ?
– ಮೇಷ್ಟ್ರೊಬ್ಬರು, ಮೂಡುಬಿದಿರೆ

ಒಳ್ಳೆ ಪ್ರಶ್ನೆ ಮೇಷ್ಟ್ರೇ. ಇದಕ್ಕೆ ಉತ್ತರ ಸೆಕ್ಯುಲರ್ ಪದದಲ್ಲಿ ಸಿಗುವುದಿಲ್ಲ, 1867ರ ಒಂದು ಕೊಡು-ಕೊಳ್ಳುವಿಕೆಯಲ್ಲಿ ಸಿಗುತ್ತದೆ.

ಆಗ ಒಂಟಾರಿಯೊದಲ್ಲಿ ಪ್ರಾಟೆಸ್ಟಂಟರು ಜಾಸ್ತಿ, ಕ್ಯಾಥೋಲಿಕರು ಕಮ್ಮಿ. ಕ್ವಿಬೆಕ್‌ನಲ್ಲಿ ಉಲ್ಟಾ. ಎರಡೂ ಬೇರೆ ಬೇರೆ ಪ್ರಾಂತ್ಯಗಳಾಗಿ ಒಂದು ಹೊಸ ದೇಶಕ್ಕೆ ಸೇರಬೇಕು. 'ನಿಮ್ಮಲ್ಲಿರುವ ನಮ್ಮವರ ಶಾಲೆಗೆ ಕೈ ಹಾಕಬೇಡಿ, ನಮ್ಮಲ್ಲಿರುವ ನಿಮ್ಮವರ ಶಾಲೆಗೆ ನಾವೂ ಹಾಕುವುದಿಲ್ಲ' ಅಂತ ಮಾತಾಯಿತು. ಅದೇ ಸಂವಿಧಾನದ 93ನೇ ಕಲಮು. ಬೇಲಿಯ ಎರಡೂ ಕಡೆ ಒಂದೊಂದು ತೆಂಗಿನಮರ ಇರುವ ಅಕ್ಕಪಕ್ಕದ ಮನೆಯವರು ಮಾಡಿಕೊಳ್ಳುವ ಒಪ್ಪಂದದ ಹಾಗೆ.

ಆದರೆ ಅಲ್ಲಿಗೆ ಮುಟ್ಟುವ ಮೊದಲು 25 ವರ್ಷ ಜಗಳ ನಡೆದಿತ್ತು. ಅಲ್ಪಸಂಖ್ಯಾತ ಧರ್ಮದವರ ಪ್ರತ್ಯೇಕ ಶಾಲೆಗೆ ಕಾನೂನಿನಲ್ಲಿ ಮೊದಲು ಜಾಗ ಸಿಕ್ಕಿದ್ದು 1841ರಲ್ಲಿ. ಟೊರಾಂಟೊದ ಮೊದಲ ಬಿಷಪ್ ಮೈಕೆಲ್ ಪವರ್ ಜಗಳಗಂಟರಲ್ಲ. ಪ್ರಾಂತ್ಯದ ಸಾಮಾನ್ಯ ಶಿಕ್ಷಣ ಮಂಡಳಿಗೇ 1846ರಲ್ಲಿ ಅಧ್ಯಕ್ಷರಾಗಿದ್ದರು. ಐರ್ಲೆಂಡಿನಲ್ಲಿ ಆಗಲೇ ಶುರುವಾಗಿದ್ದ ಕ್ಷಾಮ ಮರು ವರ್ಷ ಭೀಕರವಾಯಿತು. ಸುಮಾರು 20,000 ಜನರಿದ್ದ ಟೊರಾಂಟೊಗೆ ಒಂದೇ ಬೇಸಿಗೆಯಲ್ಲಿ ಸುಮಾರು 38,000 ಐರಿಷ್ ವಲಸಿಗರು ಬಂದಿಳಿದರು. ಹಡಗಿನ ಜೊತೆ ಟೈಫಸ್ ಜ್ವರವೂ ಬಂತು. ರೋಗಿಗಳ ನಡುವೆ ಓಡಾಡಿದ ಪವರ್ ಅದೇ ಜ್ವರದಲ್ಲಿ ತೀರಿಕೊಂಡರು. ಊರು ಬದಲಾಯಿತು. ಬಡ ಐರಿಷ್ ಕ್ಯಾಥೋಲಿಕರು ಕೇರಿ ಕೇರಿಯಲ್ಲಿ ತುಂಬಿದರು.

1850ರಲ್ಲಿ ಬಂದ ಮುಂದಿನ ಬಿಷಪ್ ಷಾರ್ಬೊನೆಲ್, ಫ್ರಾನ್ಸಿನ ಸಿರಿವಂತ ಮನೆತನದವರು. ಸುಮ್ಮನಿರುವ ಜಾಯಮಾನ ಅಲ್ಲ. ಎದುರಿಗೆ ಎಗರ್ಟನ್ ರೈಯರ್ಸನ್. ಇವರು ಪ್ರಾಟೆಸ್ಟಂಟರ ಮೆಥಡಿಸ್ಟ್ ಪಂಗಡದ ಪಾದ್ರಿ, 1844ರಿಂದ 1876ರವರೆಗೆ ಪ್ರಾಂತ್ಯದ ಶಾಲೆಗಳಿಗೆಲ್ಲ ಮೇಲಧಿಕಾರಿ. ಎಲ್ಲ ಮಕ್ಕಳಿಗೂ ಒಂದೇ ಶಾಲೆ ಸಾಕು ಅಂತ ಅವರ ವಾದ. ಆ ಒಂದೇ ಶಾಲೆಯಲ್ಲಿ ಓದಿಸುವ ಬೈಬಲ್ ಯಾರದ್ದು, ಹೇಳಿಸುವ ಪ್ರಾರ್ಥನೆ ಯಾರದ್ದು ಅಂತ ಷಾರ್ಬೊನೆಲ್ಲರ ಕೇಳ್ವಿ. ಇಬ್ಬರ ಪತ್ರ ವ್ಯವಹಾರ ಪತ್ರಿಕೆಗಳಲ್ಲೂ ಅಚ್ಚಾಯಿತು. ಕೊನೆಗೆ 1863ರಲ್ಲಿ ರಿಚರ್ಡ್ ಸ್ಕಾಟ್ ಅನ್ನುವ ಶಾಸಕರು ತಂದ ಕಾಯ್ದೆ ಪಾಸಾಯಿತು. ಆಗ ಎರಡು ಭಾಗಕ್ಕೂ ಒಂದೇ ಶಾಸನಸಭೆ; ಇಂದಿನ ಒಂಟಾರಿಯೊದ ಹೆಚ್ಚಿನ ಸದಸ್ಯರು ಬೇಡ ಅಂದರೂ ಕ್ವಿಬೆಕ್ ಭಾಗದ ಮತದಿಂದ ಗೆದ್ದದ್ದು ಅದು. ನಾಲ್ಕು ವರ್ಷದ ಮೇಲೆ ದೇಶ ಆದಾಗ ಆ ಕಾಯ್ದೆಯ ಹಕ್ಕುಗಳೇ ಸಂವಿಧಾನದೊಳಗೆ ಕೂತವು.

ಹಕ್ಕು ಸಿಕ್ಕಿತು, ದುಡ್ಡು ಸಿಗಲಿಲ್ಲ. ಶಾಲೆ ನಡೆಯುತ್ತಿದ್ದದ್ದು ಮನೆ ತೆರಿಗೆಯಲ್ಲಿ. ಕ್ಯಾಥೋಲಿಕರಲ್ಲಿ ಕೂಲಿಯವರೇ ಹೆಚ್ಚು, ಕಂಪನಿಗಳ ತೆರಿಗೆಯ ದೊಡ್ಡ ಪಾಲು ಹೋಗುತ್ತಿದ್ದದ್ದು ಸಾಮಾನ್ಯ ಶಾಲೆಗೆ. ಮತ್ತೆ ಹೇಗೆ ನಡೆಯಿತು ಅಂದರೆ ಸಿಸ್ಟರುಗಳಿಂದ. ಐರ್ಲೆಂಡಿನಿಂದ 1847ರಲ್ಲಿ ಲೊರೆಟೊ ಸಿಸ್ಟರುಗಳು, 1851ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಸೇಂಟ್ ಜೋಸೆಫ್ ಸಿಸ್ಟರುಗಳು ಟೊರಾಂಟೊಗೆ ಬಂದರು. ಅರ್ಧ ಸಂಬಳಕ್ಕೂ ಕಮ್ಮಿಗೆ ಪಾಠ ಮಾಡಿದ ಆ ಹೆಂಗಸರ ಹೆಸರು ಚರಿತ್ರೆಯಲ್ಲಿ ಬಿಷಪ್ಪರಷ್ಟು ದೊಡ್ಡ ಅಕ್ಷರದಲ್ಲಿಲ್ಲ. ನನಗೆ ಇದೊಂದು ಹೊಟ್ಟೆಯುರಿ.

ಹೈಸ್ಕೂಲಿನದ್ದು ಬೇರೆಯೇ ಕತೆ. ಟೈನಿ ಅನ್ನುವ ಊರಿನ ಕ್ಯಾಥೋಲಿಕರು ಹೈಸ್ಕೂಲಿಗೂ ದುಡ್ಡು ಬೇಕು ಅಂತ ಕೇಸು ಹಾಕಿದರು. ಆ ಊರಿಗೂ ಪಕ್ಕದ ಟೇ, ಫ್ಲಾಸ್ ಊರುಗಳಿಗೂ ಗವರ್ನರ್ ಹೆಂಡತಿಯ ನಾಯಿಮರಿಗಳ ಹೆಸರು ಇಟ್ಟದ್ದು ಅಂತ ಹೇಳುತ್ತಾರೆ. 1928ರಲ್ಲಿ ಆಗಿನ ಕೊನೆಯ ಮೇಲ್ಮನವಿ ಕೋರ್ಟು, ಲಂಡನ್ನಿನ ಪ್ರಿವಿ ಕೌನ್ಸಿಲ್, ಆಗುವುದಿಲ್ಲ ಅಂದಿತು. ಅಲ್ಲಿಂದ 50 ವರ್ಷಕ್ಕೂ ಮಿಕ್ಕಿ ಹತ್ತನೇ ಕ್ಲಾಸಿನವರೆಗೆ ಹೇಗೋ ಅನುದಾನ, ಹನ್ನೊಂದರಿಂದ ಮೇಲೆ ಅಪ್ಪ-ಅಮ್ಮ ಫೀಸು ಕಟ್ಟಬೇಕು.

ಅದನ್ನು ಬದಲಾಯಿಸಿದ್ದು ಬ್ರಾಂಪ್ಟನ್ನಿನವರೇ ಆದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಬಿಲ್ ಡೇವಿಸ್. ತಮಾಷೆ ಏನೆಂದರೆ 1971ರಲ್ಲಿ ಇದೇ ಬೇಡಿಕೆಗೆ ಇಲ್ಲ ಅಂದು ಚುನಾವಣೆ ಗೆದ್ದವರು ಅವರು. 1984ರ ಜೂನ್ 12ರಂದು ಸದನದಲ್ಲಿ ಎದ್ದು ನಿಂತು, ಪೂರ್ತಿ ಅನುದಾನ ಕೊಡುತ್ತೇವೆ ಅಂದರು. ಅವರ ಪಕ್ಷದವರೇ ಎಷ್ಟೋ ಜನ ಬೆಚ್ಚಿದರು. ಮರು ವರ್ಷ ಅವರ ನಂತರದ ನಾಯಕರ ಕಾಲದಲ್ಲಿ ಪಕ್ಷದ 42 ವರ್ಷದ ಆಳ್ವಿಕೆ ಮುಗಿಯಿತು. ಕಾಯ್ದೆ ಮಾತ್ರ ನಿಂತಿತು. 1987ರಲ್ಲಿ ಸುಪ್ರೀಂ ಕೋರ್ಟೂ ಸರಿ ಅಂದಿತು.

ಬೋರ್ಡನ್ನು ನಡೆಸುವವರು ಯಾರು? ಬಿಷಪ್ಪರಾ, ಸರಕಾರವಾ?
– ಓದುಗರೊಬ್ಬರು, ಬೆಂಗಳೂರು

ಕಾಗದದ ಮೇಲೆ ಇಬ್ಬರೂ ಅಲ್ಲ. ಓಟು ಹಾಕಿ ಆರಿಸಿದ ಟ್ರಸ್ಟಿಗಳು. ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ, ನಗರಸಭೆ ಚುನಾವಣೆಯ ಜೊತೆಗೇ ಇದೂ ನಡೆಯುತ್ತದೆ. ನಿಲ್ಲುವವರೂ ಓಟು ಹಾಕುವವರೂ ಕ್ಯಾಥೋಲಿಕರೇ ಆಗಿರಬೇಕು, ಮತ್ತು ತಾವು ಕ್ಯಾಥೋಲಿಕ್ ಶಾಲೆಯ ಬೆಂಬಲಿಗರು ಅಂತ ಮನೆಯ ತೆರಿಗೆ ದಾಖಲೆಯಲ್ಲಿ ಬರೆಸಿರಬೇಕು. ಬರೆಸದಿದ್ದರೆ ತಾನಾಗಿಯೇ ಸಾಮಾನ್ಯ ಬೋರ್ಡಿನ ಲೆಕ್ಕಕ್ಕೆ ಹೋಗುತ್ತೀರಿ. ಬಾಡಿಗೆ ಮನೆಯವರೂ ಬರೆಸಬಹುದು. ಚುನಾವಣೆಯ ದಿನ ತಪ್ಪು ಚೀಟಿ ಕೈಗೆ ಬಂದಾಗಲೇ ನಮ್ಮವರಿಗೆ ಇದು ನೆನಪಾಗುವುದು.

ಟ್ರಸ್ಟಿಗಳು ತಮ್ಮಲ್ಲೇ ಒಬ್ಬರನ್ನು ಪ್ರತಿ ವರ್ಷ ಅಧ್ಯಕ್ಷರಾಗಿ ಆರಿಸುತ್ತಾರೆ, ಡೈರೆಕ್ಟರನ್ನು ನೇಮಿಸುತ್ತಾರೆ. ಡೈರೆಕ್ಟರ್ ಕೆಳಗೆ ಸೂಪರಿಂಟೆಂಡೆಂಟರು, ಅವರ ಕೆಳಗೆ ಪ್ರಿನ್ಸಿಪಾಲರು, ಪ್ರಿನ್ಸಿಪಾಲರ ಪಕ್ಕದ ಕೋಣೆಯಲ್ಲಿ ನನ್ನಂಥವರು. ಹೈಸ್ಕೂಲು ಮಕ್ಕಳು ಆರಿಸಿದ ವಿದ್ಯಾರ್ಥಿ ಟ್ರಸ್ಟಿಗಳೂ ಮೇಜಿಗೆ ಕೂರುತ್ತಾರೆ. ಅವರ ಓಟು ಲೆಕ್ಕಕ್ಕೆ ಬರುವುದಿಲ್ಲ, ಮಾತು ಬರುತ್ತದೆ. ಬಿಷಪ್ಪರ ಮಾತು ನಡೆಯುವುದು ಧರ್ಮದ ಪಾಠದ ವಿಷಯದಲ್ಲಿ. ಟೀಚರ್ ಕೆಲಸಕ್ಕೆ ಅರ್ಜಿ ಹಾಕುವಾಗ ಇಗರ್ಜಿಯ ಫಾದರ್ ಕೊಟ್ಟ ಪತ್ರ ಬೇಕಾಗುತ್ತದೆ. ಲೆಕ್ಕಪತ್ರ, ಕಟ್ಟಡ, ಬಸ್ಸು ಇದ್ಯಾವುದೂ ಬಿಷಪ್ಪರ ಮನೆಗೆ ಹೋಗುವುದಿಲ್ಲ.

ಇನ್ನು ನಿಜವಾದ ಕೀಲಿಕೈ. ಮೊದಲು ಬೋರ್ಡೇ ತೆರಿಗೆಯ ದರ ಗೊತ್ತು ಮಾಡುತ್ತಿತ್ತು. 1997–98ರಲ್ಲಿ ಪ್ರಾಂತ್ಯ ಸರಕಾರ ಸಣ್ಣ ಬೋರ್ಡುಗಳನ್ನೆಲ್ಲ ಕೂಡಿಸಿ 72ಕ್ಕೆ ಇಳಿಸಿತು, ದರ ಹಾಕುವ ಅಧಿಕಾರವನ್ನೂ ತಾನೇ ತೆಗೆದುಕೊಂಡಿತು. ಈಗ ಮಗುವಿನ ತಲೆ ಎಣಿಸಿ ದುಡ್ಡು ಬರುತ್ತದೆ. ನೀವು ಯಾವ ಬೋರ್ಡಿನ ಬೆಂಬಲಿಗರಾದರೂ ತೆರಿಗೆ ಒಂದೇ, ಒಂದು ಪೈಸೆ ಜಾಸ್ತಿ ಇಲ್ಲ. ಬಡ ಕ್ಯಾಥೋಲಿಕ್ ಬೋರ್ಡುಗಳಿಗೆ ಇದರಿಂದ ಲಾಭವಾಯಿತು. ಆದರೆ ಟ್ರಸ್ಟಿಗಳ ಕೈಯಲ್ಲಿ ಉಳಿದದ್ದೇನು? ಒಲೆ ಅವರ ಮನೆಯದ್ದು, ಅಕ್ಕಿ ಅಳೆದು ಕೊಡುವವರು ಬೇರೆ. 2025ರ ಜೂನಿನಲ್ಲಿ ಆದದ್ದು ನೋಡಿ. ಹಣಕಾಸು ಸರಿಯಿಲ್ಲ ಅಂತ ಸರಕಾರ ಟೊರಾಂಟೊ ಕ್ಯಾಥೋಲಿಕ್, ಡಫರಿನ್-ಪೀಲ್ ಕ್ಯಾಥೋಲಿಕ್, ಟೊರಾಂಟೊ ಮತ್ತು ಒಟ್ಟಾವಾದ ಸಾಮಾನ್ಯ ಬೋರ್ಡು, ಈ ನಾಲ್ಕಕ್ಕೂ ಮೇಲ್ವಿಚಾರಕರನ್ನು ಕೂರಿಸಿತು. ನಾನು ಓಟು ಹಾಕಿ ಆರಿಸಿದವರ ಅಧಿಕಾರ ಹೀಗೆ ಒಂದು ಆದೇಶದಲ್ಲಿ ಹೋಯಿತು. ನಮ್ಮಲ್ಲಿ ನಗರಸಭೆಗೆ ಆಡಳಿತಾಧಿಕಾರಿ ಬಂದು ಕೂರುತ್ತಾರಲ್ಲ, ಹಾಗೆ. ಟ್ರಸ್ಟಿಗಳು ದುಂದು ಮಾಡಿದ ಉದಾಹರಣೆಗಳು ಇಲ್ಲದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಫೋನು ಎತ್ತಿ ಬೈಯಲು ಒಬ್ಬ ಟ್ರಸ್ಟಿ ಇರುವುದು ಬೇರೆ, ಇಲಾಖೆಯ ಇಮೇಲ್ ವಿಳಾಸ ಇರುವುದು ಬೇರೆ.

ನಮ್ಮ ಹುಡುಗ ಒಂಬತ್ತನೇ ಕ್ಲಾಸಿಗೆ ಕ್ಯಾಥೋಲಿಕ್ ಹೈಸ್ಕೂಲಿಗೆ ಹೋಗಬೇಕು ಅನ್ನುತ್ತಾನೆ. ನಾವು ಲಿಂಗಾಯತರು. ಪೂಜೆಗೆ ಕೂರಲೇಬೇಕಾ?
– ತಾಯಿಯೊಬ್ಬರು, ಮಿಸ್ಸಿಸ್ಸಾಗಾ (ಮೂಲ ಊರು ದಾವಣಗೆರೆ)

ಹೈಸ್ಕೂಲಿಗೆ ಸರ್ಟಿಫಿಕೇಟ್ ಬೇಡ. ಪೂರ್ತಿ ಅನುದಾನ ಬಂದಾಗಲೇ ಬಾಗಿಲು ಎಲ್ಲರಿಗೂ ತೆರೆಯಿತು. ಪೂಜೆಗೆ ಕೂರಲೇಬೇಕೆಂದಿಲ್ಲ. ಬ್ರಾಂಪ್ಟನ್ನಿನ ಒಬ್ಬ ವಿದ್ಯಾರ್ಥಿ ಇದೇ ವಿಷಯಕ್ಕೆ ಡಫರಿನ್-ಪೀಲ್ ಬೋರ್ಡನ್ನು ಕೋರ್ಟಿಗೆ ಎಳೆದ. 2014ರಲ್ಲಿ ತೀರ್ಪು ಅವನ ಪರವಾಗಿಯೇ ಬಂತು. ನೀವು ಬರೆದುಕೊಟ್ಟರೆ ಧರ್ಮದ ಪಾಠ, ಪೂಜೆ ಎರಡರಿಂದಲೂ ವಿನಾಯಿತಿ ಕೇಳಬಹುದು. ಆದರೆ ತಾಯಿ, ಒಂದು ಮಾತು ಕೇಳುತ್ತೇನೆ. ಅವನಿಗೆ ಆ ಶಾಲೆ ಯಾಕೆ ಬೇಕು? ಯೂನಿಫಾರಂ ಶಿಸ್ತು ಅಂತ ನಿಮಗೆ ಇಷ್ಟವೋ, ಗೆಳೆಯರು ಅಲ್ಲಿಗೆ ಹೋಗುತ್ತಾರೆ ಅಂತ ಅವನಿಗೆ ಇಷ್ಟವೋ? ನನ್ನ ಅನುಭವದಲ್ಲಿ ಎರಡನೆಯದ್ದೇ.

ಮಂಗಳೂರಿನಲ್ಲೂ ಕ್ಯಾಥೋಲಿಕ್ ಶಿಕ್ಷಣ ಮಂಡಳಿ ಇದೆ. ಎರಡೂ ಒಂದೇ ತರಹವಾ?
– ನಿವೃತ್ತ ಗುಮಾಸ್ತರೊಬ್ಬರು, ಬೆಳ್ತಂಗಡಿ

ಹೆಸರು ಒಂದೇ, ಬುಡ ಬೇರೆ. ಮಂಗಳೂರಿನಲ್ಲಿ ಮಂಡಳಿ ಧರ್ಮಪ್ರಾಂತ್ಯದ್ದು. ಬಿಷಪ್ಪರೇ ಅಧ್ಯಕ್ಷರು, ಫಾದರೊಬ್ಬರು ಕಾರ್ಯದರ್ಶಿ. ಓಟು ಇಲ್ಲ. ಜೊತೆಗೆ ಸಿಸ್ಟರುಗಳ, ಜೆಸ್ವಿಟ್ ಫಾದರುಗಳ ಸಂಸ್ಥೆಗಳು ತಮ್ಮದೇ ಆಡಳಿತದಲ್ಲಿ ನಡೆಯುತ್ತವೆ. ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಜೆಸ್ವಿಟರು 1878ರ ಕೊನೆಯ ದಿನ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು.

ಸಂವಿಧಾನದ ಆಸರೆ ಇಲ್ಲೂ ಇದೆ. 30ನೇ ವಿಧಿ. ಆದರೆ ಅದು ಕ್ಯಾಥೋಲಿಕರಿಗೆ ಮಾತ್ರ ಅಲ್ಲ, ಧರ್ಮ ಅಥವಾ ಭಾಷೆಯಲ್ಲಿ ಅಲ್ಪಸಂಖ್ಯಾತರಾದ ಎಲ್ಲರಿಗೂ. ಆ ಹಕ್ಕು ಎಲ್ಲಿಯವರೆಗೆ ಅನ್ನುವುದರ ಮೇಲೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ತೀರ್ಪು ಕೊಟ್ಟರು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಕರ್ನಾಟಕ ಸರಕಾರದ ವಿರುದ್ಧ ಹೂಡಿದ್ದ ಕೇಸದು.

ನಮ್ಮ ಅನುದಾನಿತ ಶಾಲೆಯಲ್ಲಿ ಮಂಜೂರಾದ ಟೀಚರಿಗೆ ಸಂಬಳ ಸರಕಾರದ್ದು, ಉಳಿದ ಖರ್ಚು ಆಡಳಿತ ಮಂಡಳಿ ನೋಡಿಕೊಳ್ಳಬೇಕು. ಹುದ್ದೆ ಖಾಲಿಯಾದರೆ ತುಂಬಲು ಅನುಮತಿಗೆ ಕಾಯಬೇಕು. ನನ್ನ ತಂಗಿ ಇಂಥ ಒಂದು ಕನ್ನಡ ಶಾಲೆಯಲ್ಲಿ ಆರು ವರ್ಷ ಮಂಡಳಿ ಕೊಡುವ ಪುಡಿ ಸಂಬಳಕ್ಕೆ ಪಾಠ ಮಾಡಿದಳು, ಇವತ್ತು ಆರ್ಡರ್ ಬರುತ್ತದೆ, ನಾಳೆ ಬರುತ್ತದೆ ಅಂತ. ಬರಲಿಲ್ಲ. ನಾನು ಕೆನಡಾದಲ್ಲಿ ಅದೇ ಧರ್ಮದ ಶಾಲೆಯಲ್ಲಿ ಫಾರಂ ಜೋಡಿಸಿಟ್ಟು, ಅವಳ ವರ್ಷದ ಸಂಬಳಕ್ಕಿಂತ ಜಾಸ್ತಿ ತಿಂಗಳಿಗೆ ತೆಗೆದುಕೊಳ್ಳುತ್ತಿದ್ದೆ. ಫೋನಿನಲ್ಲಿ ಅವಳು ಒಮ್ಮೆಯೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈ ವ್ಯವಸ್ಥೆ ಇನ್ನೆಷ್ಟು ದಿನ ಉಳಿದೀತು?
– ವಕೀಲರೊಬ್ಬರು, ಧಾರವಾಡ

ಸಂವಿಧಾನದಲ್ಲಿ ಬರೆದದ್ದನ್ನೂ ತೆಗೆದದ್ದಿದೆ ಸಾರ್. ಕ್ವಿಬೆಕ್ 1997ರಲ್ಲಿ ತಿದ್ದುಪಡಿ ತಂದು ಧರ್ಮದ ಬೋರ್ಡುಗಳ ಬದಲು ಭಾಷೆಯ ಬೋರ್ಡುಗಳನ್ನು ಮಾಡಿತು. ನ್ಯೂಫೌಂಡ್‌ಲ್ಯಾಂಡಿನಲ್ಲಿ ಅದೇ ವರ್ಷ ಜನಮತ ಕೇಳಿದರು, ನೂರಕ್ಕೆ 73 ಮಂದಿ ಒಂದೇ ಶಾಲೆ ಸಾಕು ಅಂದರು. ತೆಂಗಿನಮರದ ಒಪ್ಪಂದದಲ್ಲಿ ಆಚೆ ಮನೆಯವರು ಮರ ಕಡಿದಾಯಿತು, ಈಚೆ ಮರ ಇನ್ನೂ ನಿಂತಿದೆ. ಆಲ್ಬರ್ಟಾ, ಸಸ್ಕ್ಯಾಚವಾನ್‌ಗಳಲ್ಲೂ ಕ್ಯಾಥೋಲಿಕ್ ಬೋರ್ಡುಗಳಿವೆ.

ಟೊರಾಂಟೊದ ಒಬ್ಬ ಯಹೂದಿ ತಂದೆ ತನ್ನ ಮಕ್ಕಳ ಶಾಲೆಗೆ ಅನುದಾನ ಯಾಕಿಲ್ಲ ಅಂತ ವಿಶ್ವಸಂಸ್ಥೆಯವರೆಗೆ ಹೋದರು. 1999ರಲ್ಲಿ ಅಲ್ಲಿನ ಮಾನವ ಹಕ್ಕು ಸಮಿತಿ ಇದು ತಾರತಮ್ಯವೇ ಅಂದಿತು. ಸರಿ, ಬೇರೆ ಧರ್ಮದ ಶಾಲೆಗೂ ಕೊಡೋಣ ಅಂತ 2007ರ ಚುನಾವಣೆಯಲ್ಲಿ ವಿರೋಧ ಪಕ್ಷದ ನಾಯಕ ಜಾನ್ ಟೋರಿ ಹೇಳಿ ಸೋತರು. ಅಲ್ಲಿಂದ ಯಾವ ದೊಡ್ಡ ಪಕ್ಷವೂ ಆ ಗೂಡಿಗೆ ಕೈ ಹಾಕಿಲ್ಲ. ನನ್ನ ಅಭಿಪ್ರಾಯ ಕೇಳುತ್ತೀರಾ? ಆ ಯಹೂದಿ ತಂದೆ ಹೇಳಿದ್ದು ನ್ಯಾಯ. ನನ್ನ ಅನ್ನ ಕೊಟ್ಟದ್ದು ಆ ಬೋರ್ಡು. ಎರಡೂ ನಿಜ, ನಾನು ಇದಕ್ಕಿಂತ ಮುಂದೆ ಹೋಗಲಾರೆ.

ಅಲ್ಲಿನ ಶಾಲೆಯಲ್ಲಿ ಕನ್ನಡ ಕಲಿಸಬಹುದಾ?
– ಅಜ್ಜಿಯೊಬ್ಬರು, ಮೈಸೂರು

ಕಲಿಸಬಹುದು ಅಜ್ಜಿ. 1977ರಿಂದ ಒಂಟಾರಿಯೊದಲ್ಲಿ ಮನೆಮಾತು ಕಲಿಸುವ ಕಾರ್ಯಕ್ರಮ ಇದೆ. ಬೇಕಾದಷ್ಟು ಮಕ್ಕಳ ಅಪ್ಪ-ಅಮ್ಮಂದಿರು ಸಹಿ ಹಾಕಿ ಬೋರ್ಡಿಗೆ ಬರೆದುಕೊಡಬೇಕು. ಇಟಾಲಿಯನ್ನರು, ಪೋರ್ಚುಗೀಸರು ಹೀಗೇ ತಮ್ಮ ಕ್ಲಾಸು ಮಾಡಿಸಿಕೊಂಡರು. ನಮ್ಮವರು ಸಹಿಗೆ ಮೊದಲು 'ಹೋಂವರ್ಕ್ ಇರುತ್ತಾ?' ಅಂತ ಕೇಳುತ್ತಾರೆ. ಸೊಸೆಗೆ ಹೇಳಿ, ಸಹಿ ಕೇಳಲು ಹೋಗುವಾಗ ಜೊತೆಗೆ ಚಕ್ಕುಲಿ ಡಬ್ಬಿ ಇರಲಿ.